ಕೊಳೆತ ಆಲೂಗಡ್ಡೆ ಅಳೆಯುವ ಜೆರ್ಮೇನ್

ಬೆಳಗಿನ ಐದೂವರೆ. ಆರ್ಮಾನ್ ಗೆರೆಟ್ ಅವರ ಆಲೂ ಮನೆಯ ಮುಂದೆ ಜೆರ್ಮೇನ್ ಸೂಸಿ ನಿಂತಿದ್ದಾರೆ. ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು, ಕೈಯಲ್ಲಿ ಐವತ್ತು ಅಡಿಯ ಉಕ್ಕಿನ ಅಳತೆಪಟ್ಟಿ. ಮೈನಸ್ ಇಪ್ಪತ್ತರ ಚಳಿ. ನಾನು ಜೀಪಿನ ಹೀಟರಿಗೆ ಕೈಯೊಡ್ಡಿಕೊಂಡು ಕೂತಿದ್ದೇನೆ, ಇಳಿಯುವ ಮನಸ್ಸಿಲ್ಲ. ಅವರು ಮಾತ್ರ ಗುಡ್ಡದೊಳಗೆ ಅರ್ಧ ಹೂತುಕೊಂಡಿರುವ ಆ ಉಗ್ರಾಣದ ದೊಡ್ಡ ಬಾಗಿಲ ಸಂದಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ಮೂರು ಸಲ ನಿಧಾನವಾಗಿ ಉಸಿರೆಳೆದುಕೊಳ್ಳುತ್ತಾರೆ. ಆಮೇಲೆ ಬಂದು ಜೀಪಿನ ಕಿಟಕಿ ಬಡಿಯುತ್ತಾರೆ.

"ಬರೀ ನಾನೂರು ಪೀಪಾಯಿ ಕೊಳೆತಿದೆಯಂತೆ! ಸುಳ್ಳು ಹೇಳಿದ್ರೂ ನಂಬೋ ಹಾಗೆ ಹೇಳ್ಬೇಕಪ್ಪ. ಇಳಿ ಕೆಳಗೆ, ಪೇಪರ್‌ನೋನೇ. ಬೆಚ್ಚಗೆ ಕೂತ್ಕೊಂಡ್ರೆ ಏನು ಬರೀತೀಯ ನೀನು, ನನ್ನ ಜೀಪಿನ ವರ್ಣನೆನಾ?"

ಜೆರ್ಮೇನ್ ಅವರಿಗೆ ಅರವತ್ತನಾಲ್ಕು. ಅಮೆರಿಕದ ಮೇನ್ ರಾಜ್ಯದ ತುತ್ತತುದಿಯಲ್ಲಿರುವ ನಮ್ಮ ಕೌಂಟಿಯ ಕೃಷಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಅಳತೆಯ ಕೆಲಸ ಮಾಡುತ್ತಿದ್ದಾರೆ. ಖಾಯಂ ನೌಕರಿಯಲ್ಲ, ಗಂಟೆಗೆ ಹದಿನೇಳು ಡಾಲರ್ ಕೂಲಿ. ಮಳೆಗೋ ಚಳಿಗೋ ಬೆಳೆ ಹೋಗಿ, ಸರ್ಕಾರದ ತುರ್ತು ಪರಿಹಾರ ಬರಬೇಕು ಅಂದರೆ, ಮೊದಲು ಯಾರಾದರೂ ಹೋಗಿ ಹೋದದ್ದೆಷ್ಟು ಅಂತ ಅಳೆದು ಬರಬೇಕಲ್ಲ. ಅಳೆಯುವವರು ಇವರು. ದೊಡ್ಡ ರಟ್ಟಿನ ಚೆಕ್ಕು ಹಿಡಿದು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವವರು ಬೇರೆ ಇದ್ದಾರೆ. ಅಂಥ ಫೋಟೋಗಳನ್ನು ನಾನೇ ಈ ಪತ್ರಿಕೆಯಲ್ಲಿ ಹದಿನಾಲ್ಕು ಸಲ ಹಾಕಿದ್ದೇನೆ. ಒಂದರಲ್ಲೂ ಜೆರ್ಮೇನ್ ಇಲ್ಲ. ಇಷ್ಟು ವರ್ಷ ಕಣ್ಣಿಗೆ ಬೀಳಲಿಲ್ಲವಲ್ಲ ಅಂತ ನನಗೇ ನಾಚಿಕೆಯಾಗಿ ಇವತ್ತು ಅವರ ಹಿಂದೆ ಹೊರಟಿದ್ದೇನೆ.

ಇವತ್ತು ಶುಕ್ರವಾರ, ಫೆಬ್ರವರಿಯ ಕೊನೆಯದು. ಸಂಜೆ ನಾಲ್ಕಕ್ಕೆ ಕಚೇರಿ ಬಾಗಿಲು ಹಾಕುತ್ತದೆ. ಅಷ್ಟರೊಳಗೆ ಈ ಆಲೂ ಮನೆಯ ನಿಜವಾದ ಅಳತೆ ಸಹಿಯಾಗಿ ಹೋಗದಿದ್ದರೆ ಇಡೀ ಕೌಂಟಿಗೆ ಈ ವರ್ಷ ಬಿಡಿಗಾಸೂ ಬರುವುದಿಲ್ಲ.

ಅದೇಕೆ ಅಂತ ಹೇಳುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ಹದಿನೆಂಟು ದಿನ ಬಿಡದೆ ಮಳೆ ಹೊಯ್ಯಿತು. ಅಗೆಯುವ ಯಂತ್ರ ಹೊಲಕ್ಕಿಳಿದರೆ ಚಕ್ರ ಪೂರ್ತಿ ಹೂತುಹೋಗುತ್ತಿತ್ತು. ಕೊಯ್ಲಿನ ರಜೆ ಅಂತ ಶಾಲೆಗಳು ಎಂದಿನಂತೆ ಮೂರು ವಾರ ಮುಚ್ಚಿದವು, ಮಕ್ಕಳು ಹೊಲಕ್ಕೆ ಹೋಗುವ ಬದಲು ಮನೆಯಲ್ಲಿ ಕೂತು ಇಸ್ಪೀಟು ಆಡಿದರು. ಅಕ್ಟೋಬರ್ ಮೊದಲ ವಾರ ಮಳೆ ನಿಂತಿತು, ಅದರ ಬೆನ್ನಿಗೇ ನೆಲ ಹೆಪ್ಪುಗಟ್ಟಿಸುವ ಚಳಿ ಬಂತು. ಅರ್ಧ ಬೆಳೆ ಇನ್ನೂ ಮಣ್ಣಿನಲ್ಲಿತ್ತು. ಒದ್ದೆಯೋ ಮರಗಟ್ಟಿದ್ದೋ, ಸಿಕ್ಕಿದ್ದನ್ನು ಅಗೆದು ತಂದು ಎಲ್ಲರೂ ಆಲೂ ಮನೆ ತುಂಬಿದರು. ನೋಡಲು ಗೆಡ್ಡೆ ಗುಂಡಗೆ ಚೆನ್ನಾಗಿಯೇ ಇತ್ತು. ಡಿಸೆಂಬರ್ ಹೊತ್ತಿಗೆ ರಾಶಿಯ ಅಡಿಯಿಂದ ಕೊಳೆಯತೊಡಗಿತು.

ಪರಿಹಾರದ ನಿಯಮ ಸರಳ. ನಮ್ಮ ಕೌಂಟಿಯಲ್ಲಿ ನೂರ ನಲವತ್ತಮೂರು ಆಲೂ ಮನೆಗಳಿವೆ, ಎಲ್ಲ ಸೇರಿ ಒಂಬತ್ತು ಲಕ್ಷ ಪೀಪಾಯಿ ಆಲೂ. ಅದರಲ್ಲಿ ನೂರಕ್ಕೆ ಮೂವತ್ತು ಪಾಲು ಹೋಗಿದೆ ಅಂತ ಅಳತೆಯಿಂದ ತೋರಿಸಿದರೆ ನಷ್ಟವಾದ ಎಲ್ಲರಿಗೂ ಅವರವರ ನಷ್ಟದ ಪ್ರಕಾರ ಹಣ. ಇಪ್ಪತ್ತೊಂಬತ್ತೂ ಮುಕ್ಕಾಲಾದರೂ ಯಾರಿಗೂ ಇಲ್ಲ. ಕ್ರಿಸ್‌ಮಸ್ ಕಳೆದು ಕಚೇರಿಯವರು ರೈತರು ಬರೆಸಿದ್ದನ್ನೆಲ್ಲ ಕೂಡಿಸಿ ನೋಡಿದರು. ಬಂದದ್ದು ಇಪ್ಪತ್ತೆರಡು.

"ಇಪ್ಪತ್ತೆರಡಂತೆ!" ಜೆರ್ಮೇನ್ ಇವತ್ತಿಗೂ ಅದನ್ನು ಹೇಳುವಾಗ ಹಣೆ ಚಚ್ಚಿಕೊಳ್ಳುತ್ತಾರೆ. "ಊರಿಗೆ ಊರೇ ನಾರ್ತಾ ಇದೆ, ಕಾಗದದ ಮೇಲೆ ಮಾತ್ರ ಎಲ್ಲರ ಮನೆಯಲ್ಲೂ ಗುಲಾಬಿ ಹೂವು."

ಹೊರಗಿನವರಿಗೆ ಇದು ಅರ್ಥವಾಗುವುದಿಲ್ಲ. ಸರ್ಕಾರ ಕೊಡುತ್ತೇನೆ ಅಂದಾಗ ಒಂದಕ್ಕೆ ಎರಡು ಮಾಡಿ ಬರೆಸುವ ಜನರನ್ನು ಕೇಳಿ ಬಲ್ಲಿರಿ. ನಮ್ಮವರು ಎರಡನ್ನು ಅರ್ಧ ಮಾಡಿ ಬರೆಸುವ ಜನ. ಇಲ್ಲಿ ಆಲೂ ಮನೆ ಕೊಳೆಯಿತು ಅಂದರೆ ಯಜಮಾನ ಗಾಳಿ ಬಿಡಲಿಲ್ಲ, ನೋಡಿಕೊಳ್ಳಲಿಲ್ಲ, ಶುದ್ಧ ಸೋಮಾರಿ ಅಂತ ಅರ್ಥ. ಇನ್ನೊಬ್ಬರ ಆಲೂ ಮನೆಗೆ ಹೋದಾಗ ಮೂಗು ಮುಚ್ಚಬಾರದು, ಅವರು ತೋರಿಸಿದ ಅಂಕಣ ದಾಟಿ ಒಳಗೆ ಹೋಗಬಾರದು, ಎಷ್ಟಿದೆ ಅಂತ ಬಾಯಿಬಿಟ್ಟು ಕೇಳಬಾರದು. ನಾನು ಚಿಕ್ಕವನಿದ್ದಾಗ ಒಂದು ವರ್ಷ ನಮ್ಮ ಆಲೂ ಮನೆ ನಾರುತ್ತಿತ್ತು. ಬಂದವರಿಗೆಲ್ಲ ಎಲ್ಲೋ ಮುಳ್ಳುಹಂದಿ ಸತ್ತಿದೆ ಅಂತ ಹೇಳುವಂತೆ ಅಪ್ಪ ನಮಗೆ ಕಲಿಸಿದ್ದರು. ಇಡೀ ಚಳಿಗಾಲ ಸತ್ತೇ ಇತ್ತು ಆ ಮುಳ್ಳುಹಂದಿ.

ಇನ್ನೊಂದು ಕಾರಣ ಬೀನ್ಸ್ ಕಾಳಿನ ಊಟ. ತಿಂಗಳ ಕೊನೆಯ ಶನಿವಾರ ಚರ್ಚಿನ ಸಭಾಂಗಣದಲ್ಲಿ ಊರೆಲ್ಲ ಸೇರಿ ಉಣ್ಣುವ ಪದ್ಧತಿ ನಮ್ಮದು. ಕಾಕಂಬಿ, ಹಂದಿಕೊಬ್ಬು ಹಾಕಿ ಬೇಯಿಸಿದ ಆರು ಹಂಡೆ ಕಾಳು, ಜೊತೆಗೆ ಪ್ಲೋಯ್. ಒಂದೇ ಮಗ್ಗುಲು ಬೇಯಿಸಿದ, ತೂತುತೂತಾದ ನಮ್ಮ ದೋಸೆ. ಸಾಲಿನಲ್ಲಿ ಬಂದವರೆಲ್ಲ ಒಂದು ಸೌಟು ಬಡಿಸಿಕೊಂಡು, ಹಿಂದಿನವರಿಗಿರಲಿ ಅಂತ ಮುಂದೆ ಸರಿಯುತ್ತಾರೆ. ಹಿಂದಿನವರೂ ತಮ್ಮ ಹಿಂದಿನವರಿಗಿರಲಿ ಅನ್ನುತ್ತಾರೆ. ಕೊನೆಗೆ ಎರಡು ಹಂಡೆ ಉಳಿದು ಹಂದಿಗಳಿಗೆ ಹೋಗುತ್ತದೆ. ಮನುಷ್ಯರು ಹಸಿದುಕೊಂಡು ಮನೆಗೆ ಹೋಗಿ ಬ್ರೆಡ್ಡು ತಿನ್ನುತ್ತಾರೆ. ಪರಿಹಾರದ ಅರ್ಜಿಯನ್ನೂ ನಮ್ಮವರು ಹೀಗೆಯೇ ತುಂಬಿದ್ದರು. ತಮಗೆ ಹೆಚ್ಚು ಬರೆಸಿಕೊಂಡರೆ ಪಕ್ಕದವರಿಗೆ ಕಡಿಮೆ ಬಿದ್ದೀತು ಅಂತ ಪ್ರತಿಯೊಬ್ಬರೂ ಒಂದೊಂದು ಸೌಟು ನಷ್ಟ ಬರೆಸಿದ್ದರು.

ಅಷ್ಟಕ್ಕೇ ಮುಗಿಯಲಿಲ್ಲ. ಕೊಳೆತದ್ದನ್ನು ಯಾರ ಕಣ್ಣಿಗೂ ಬೀಳಬಾರದು ಅಂತ ನಸುಕಿನಲ್ಲೇ ಲಾರಿಗೆ ತುಂಬಿ ಕಾಡಿನೊಳಗೆ ಸುರಿದು ಬರತೊಡಗಿದರು. ಮೇಲೆ ಹಿಮ ಬಿದ್ದರೆ ಗುರುತೇ ಇಲ್ಲ. ತಮ್ಮ ನಷ್ಟದ ಸಾಕ್ಷಿಯನ್ನು ತಾವೇ ಹೂತು ಬರುವ ಇಂಥ ಮಂದಿ ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ. ಪರಿಷ್ಕೃತ ಅಳತೆಗೆ ಫೆಬ್ರವರಿ ಕೊನೆಯವರೆಗೆ ಅವಕಾಶ ಸಿಕ್ಕಾಗ, ಈ ಹೂತದ್ದನ್ನು ಹುಡುಕಿ ಅಳೆಯುವ ಕೆಲಸ ಜೆರ್ಮೇನ್ ತಲೆಗೆ ಬಂತು.

ಎಂಟು ವಾರ ಅವರು ಭಾನುವಾರ ಬಿಟ್ಟು ದಿನಾ ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟಿದ್ದಾರೆ. ದಿನಕ್ಕೆ ಮೂರು ಆಲೂ ಮನೆ, ವಾರಕ್ಕೆ ಆರುನೂರು ಮೈಲಿ. ಎರಡು ಸಲ ಹಿಮದಲ್ಲಿ ಜೀಪು ಸಿಕ್ಕಿಬಿದ್ದು ಟ್ರ್ಯಾಕ್ಟರ್ ಕಟ್ಟಿ ಎಳೆಸಿಕೊಂಡಿದ್ದಾರೆ. ಕಾಡಿನಲ್ಲಿ ಎಲ್ಲಿ ಕಾಗೆ ಗುಂಪುಗಟ್ಟಿದೆಯೋ ಅಲ್ಲಿ ಇಳಿದು ಕಬ್ಬಿಣದ ಸಲಾಕೆಯಿಂದ ಹಿಮ ಚುಚ್ಚಿ ನೋಡಿದ್ದಾರೆ. ಸುರಿದದ್ದು ಸುಮ್ಮನೆ ಲೆಕ್ಕಕ್ಕೆ ಬರುವುದಿಲ್ಲ. ಸುರಿದ ರಾಶಿಯೂ, ಆಲೂ ಮನೆಯ ಗೋಡೆಯ ಮೇಲೆ ಮೊದಲು ರಾಶಿ ಎಲ್ಲಿವರೆಗಿತ್ತು ಎಂಬ ಮಣ್ಣಿನ ಗೆರೆಯೂ ತಾಳೆಯಾಗಬೇಕು. ಯಜಮಾನ ತಾನೇ ಒಪ್ಪಿ ಸಹಿ ಹಾಕಬೇಕು. ಈ ಸಹಿಯೇ ಕಷ್ಟದ್ದು.

"ಎಷ್ಟು ಹೋಯ್ತು ಅಂತ ನಾನು ಯಾರನ್ನೂ ಕೇಳಲ್ಲ ಕಣೋ," ಎನ್ನುತ್ತಾರೆ ಜೆರ್ಮೇನ್. "ಕೇಳಿದ್ರೆ ಪಾಪ, ಸುಳ್ಳು ಹೇಳ್ತಾರೆ. ಈ ಸಲ ರಾಶಿ ಎಷ್ಟೆತ್ತರ ಹಾಕಿದ್ರಿ ಅಂತ ಕೇಳ್ತೀನಿ. ಅದು ಹೆಮ್ಮೆ ವಿಷಯ ನೋಡು, ಎದೆ ಉಬ್ಬಿಸ್ಕೊಂಡು ಆ ಹಲಗೆವರೆಗೂ ಹಾಕಿದ್ದೆ ಅಂತ ತೋರಿಸ್ತಾರೆ. ನಾನು ಅಲ್ಲಿಂದ ಪಟ್ಟಿ ಇಳಿಬಿಡ್ತೀನಿ. ಪಟ್ಟಿ ಇಳೀತಾ ಇಳೀತಾ ಅವರ ಮುಖಾನೂ ಇಳಿಯುತ್ತೆ. ಆಮೇಲೆ ಇಬ್ಬರೂ ಕಾಫಿ ಕುಡೀತೀವಿ."

ಮನೆಯಲ್ಲಿ ಅವರಿಗೆ ಬೇರೆಯೇ ನಿಯಮ. ಗಂಡ ರೇನಲ್ ಕೌಂಟಿಯ ಹಿಮ ಗೋರುವ ಲಾರಿ ಓಡಿಸುತ್ತಾರೆ. ಹೆಂಡತಿಯ ಕೋಟು, ಬೂಟು ಹೊಸಿಲು ದಾಟಿ ಒಳಗೆ ಬರುವಂತಿಲ್ಲ ಅಂತ ಜನವರಿಯಲ್ಲೇ ಕಡ್ಡಿ ಮುರಿದಂತೆ ಹೇಳಿದ್ದಾರೆ. "ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದೀನಿ, ಇವಳ ಕೋಪ ತಡ್ಕೊಂಡೆ, ಇವಳ ಅಮ್ಮನ್ನೂ ತಡ್ಕೊಂಡೆ. ಆ ಕೋಟು ಮಾತ್ರ ಆಗಲ್ಲ," ಎನ್ನುತ್ತಾರೆ ರೇನಲ್. ಹಾಗಂದವರೇ ರಾತ್ರಿ ಆ ಕೋಟನ್ನು ಕೊಟ್ಟಿಗೆಯಲ್ಲಿ ಒಲೆ ಪಕ್ಕ ಒಣಗಲು ನೇತುಹಾಕಿ, ಬೆಳಗ್ಗೆ ಬೆಚ್ಚಗಿರುವಾಗಲೇ ತಂದು ಕೊಡುತ್ತಾರೆ.

ಜೆರ್ಮೇನ್ ಹೀಗೆ ಪಟ್ಟು ಹಿಡಿದು ತಿರುಗುವುದಕ್ಕೆ ಒಂದು ಕಾರಣವಿದೆ. ಬೆಳಗ್ಗೆ ಬರುವ ದಾರಿಯಲ್ಲಿ ಕೇಳಿದಾಗ ಹೇಳಿದರು. ಹನ್ನೊಂದು ಮಕ್ಕಳ ಮನೆ ಅವರದು. ಅವರಿಗೆ ಹದಿನಾಲ್ಕಾಗಿದ್ದ ವರ್ಷ ಅಪ್ಪನ ಆಲೂ ಮನೆ ಪೂರ್ತಿ ಕೊಳೆಯಿತು. ಅಪ್ಪ ಯಾರಿಗೂ ಹೇಳಲಿಲ್ಲ, ಒಬ್ಬರೇ ಸಲಿಕೆ ಹಿಡಿದು ಹೊರಗೆ ಹಾಕಿದರು. ಮೇ ತಿಂಗಳಲ್ಲಿ ಜಮೀನು ಮಾರಿದರು. ಆ ವರ್ಷವೂ ಪರಿಹಾರ ಇತ್ತು, ಪಕ್ಕದ ಕೌಂಟಿಯವರಿಗೆ ಸಿಕ್ಕಿತು.

"ಅಪ್ಪ ಕೇಳಿದ್ರೆ ಸಿಗ್ತಿತ್ತು. ಕೇಳಲಿಲ್ಲ. ನಂಗೆ ಅಪ್ಪನ ಮೇಲೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡ್ಕೋಬಾರದು ಅಂತ ಪಾದ್ರಿ ಹೇಳ್ತಾರೆ. ಪಾದ್ರಿಗೇನು ಗೊತ್ತು, ಅವರ ಜಮೀನು ಹೋಗಿತ್ತಾ?"

ಈ ವರ್ಷ ಆ ಜಾಗದಲ್ಲಿ ನಿಂತಿರುವವಳು ಮಾನಾನ್ ಶಾಸೆ. ಮೂವತ್ತೊಂದು ವರ್ಷದ ಹುಡುಗಿ, ಗುತ್ತಿಗೆ ಜಮೀನಿನಲ್ಲಿ ಒಬ್ಬಳೇ ಆಲೂ ಹಾಕಿ ಇದು ಮೂರನೇ ವರ್ಷ. ಡಿಸೆಂಬರಿನಿಂದಲೇ, ಕೊಳೆತ ಹಾಗೆಲ್ಲ ಕೊಳೆತಷ್ಟನ್ನೂ ಇದ್ದದ್ದು ಇದ್ದ ಹಾಗೆ ಬರೆಸಿದ ಒಬ್ಬಳೇ ಒಬ್ಬಳು. ಅದಕ್ಕೆ ಹಿರಿಯರೆಲ್ಲ, ಈಗಿನ ಹುಡುಗಿಯರಿಗೆ ಸಂಕೋಚವೇ ಇಲ್ಲ ಅಂತ ಮೂಗು ಮುರಿದರು. ಅವಳದ್ದು ಮುಕ್ಕಾಲು ಪಾಲು ಹೋಗಿದೆ. ಪರಿಹಾರ ಬಂದರೆ ಬಿತ್ತನೆ ಗೆಡ್ಡೆ ತರುತ್ತಾಳೆ. ಬರದಿದ್ದರೆ ಮಾರ್ಚ್ ಹತ್ತಕ್ಕೆ ಜಮೀನು ಬಿಟ್ಟುಕೊಟ್ಟು ಕಾಗದದ ಕಾರ್ಖಾನೆಗೆ ಸೇರುತ್ತಾಳೆ. ಅರ್ಜಿ ತುಂಬಿ ಇಟ್ಟಿದ್ದಾಳೆ, ನನಗೂ ತೋರಿಸಿದಳು. "ಅಲ್ಲಿ ಒಳ್ಳೆ ಕೆಲಸವೇ. ನಂಗೆ ಇಷ್ಟ ಇಲ್ಲ ಅಷ್ಟೆ," ಅಂದಳು.

ನಿನ್ನೆ ಸಂಜೆಗೆ ಕೌಂಟಿಯ ಲೆಕ್ಕ ಇಪ್ಪತ್ತೆರಡರಿಂದ ಹತ್ತಿ ಹತ್ತಿ ಇಪ್ಪತ್ತೊಂಬತ್ತು ಪಾಯಿಂಟ್ ಎರಡಕ್ಕೆ ಬಂದು ನಿಂತಿದೆ. ಎಲ್ಲರ ಮನೆಯೂ ಆಗಿದೆ. ಉಳಿದಿರುವುದು ಆರ್ಮಾನ್ ಗೆರೆಟ್ ಒಬ್ಬರದ್ದೇ.

ಆರ್ಮಾನ್ ಎಪ್ಪತ್ತೆಂಟರ ಹಿರಿಯರು, ನಮ್ಮ ಕಡೆಯ ದೊಡ್ಡ ಬೆಳೆಗಾರರಲ್ಲಿ ಒಬ್ಬರು. ಬೀನ್ಸ್ ಊಟದಲ್ಲಿ ಮೊದಲ ಸೌಟು ಅವರದೇ, ಅದೂ ಅರ್ಧ ಸೌಟು. ಜನವರಿಯಲ್ಲಿ ಜೆರ್ಮೇನ್ ಬಂದಾಗ ಮುಂದಿನ ಎರಡು ಅಂಕಣ ಮಾತ್ರ ತೋರಿಸಿ, ನಾನೂರು ಪೀಪಾಯಿ ಮೆತ್ತಗಾಗಿದೆ ಅಂತ ಬರೆಸಿ ಕಳಿಸಿದ್ದರು. ಈಗ ಟೋಪಿ ಕಿವಿಗೆಳೆದುಕೊಂಡು ಮನೆಯಿಂದ ಬರುತ್ತಿದ್ದಾರೆ.

"ಏನಮ್ಮ ಜೆರ್ಮೇನ್, ಕೋಳಿ ಕೂಗೋಕ್ ಮುಂಚೆ? ಆವತ್ತೇ ಅಳೆದ್ಕೊಂಡು ಹೋದೆಯಲ್ಲ."

"ಹೋದೆ. ಮುಂದಿಂದು ತೋರಿಸಿದ್ರಿ, ಅಳೆದೆ. ಇವತ್ತು ಹಿಂದಿಂದು ನೋಡ್ತೀನಿ."

"ಹಿಂದೆ ಏನಿದೆ? ಕತ್ತಲೆ ಇದೆ."

"ನನ್ಹತ್ರ ಬ್ಯಾಟರಿ ಇದೆ."

"ಇವನ್ಯಾಕೆ ಬಂದಿದಾನೆ?" ಅಂತ ನನ್ನ ಕಡೆ ಗದ್ದ ಎತ್ತುತ್ತಾರೆ.

"ನನ್ನ ಬಗ್ಗೆ ಬರೀತಾನಂತೆ. ಬರೆಯೋಕೆ ಬೇರೆ ಏನೂ ಸಿಕ್ಕಿಲ್ಲ ಪಾಪ. ಬಾಗಿಲು ತೆಗೀರಿ, ಕಾಲು ಮರಗಟ್ಟಿತು."

ಬಾಗಿಲು ತೆಗೆಯುತ್ತದೆ. ಆ ನಾತ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರು ಪುಣ್ಯವಂತರು. ನಾನು ಮೂಗು ಮುಚ್ಚುವುದಿಲ್ಲ, ಹಾಗೆ ಬೆಳೆಸಿದ್ದಾರೆ. ಕಣ್ಣಲ್ಲಿ ನೀರು ಬರುವುದನ್ನು ಮಾತ್ರ ತಡೆಯಲಾಗುವುದಿಲ್ಲ. ಜೆರ್ಮೇನ್ ಎರಡನೇ ಅಂಕಣದ ಹತ್ತಿರ ಬಂದು ಒಂದು ಗಳಿಗೆ ನಿಲ್ಲುತ್ತಾರೆ. ಆಮೇಲೆ ದಾಟುತ್ತಾರೆ. ಆರ್ಮಾನ್ ಬಾಯಲ್ಲಿ "ಹಾ" ಅಂತ ಒಂದು ಸಣ್ಣ ಸದ್ದು ಬರುತ್ತದೆ. ಅವರ ಅನುಮತಿಯಿಲ್ಲದೆ ಆ ಗೆರೆಯನ್ನು ಈವರೆಗೆ ಯಾರೂ ದಾಟಿದ್ದಿಲ್ಲ.

ಒಳಗೆ ಅಂಕಣಗಳೆಲ್ಲ ಅರೆಬರಿದು. ಹದಿನೆಂಟು ಸಾವಿರ ಪೀಪಾಯಿ ಹಿಡಿಯುವ ಜಾಗದಲ್ಲಿ ರಾಶಿ ಎದೆಮಟ್ಟಕ್ಕೆ ಕುಸಿದಿದೆ. ಬ್ಯಾಟರಿ ಬೆಳಕು ಗೋಡೆಯ ಮೇಲೆ ಹರಿಯುತ್ತದೆ. ದೇವದಾರು ಹಲಗೆಗಳು ಹೊಸದರಂತೆ ಥಳಥಳ ಅನ್ನುತ್ತಿವೆ.

"ಗೋಡೆ ತೊಳೆದಿದೀರ," ಎನ್ನುತ್ತಾರೆ ಜೆರ್ಮೇನ್.

"ಸ್ವಚ್ಛವಾಗಿರ್ಲಿ ಅಂತ."

"ಫೆಬ್ರವರಿಲಿ? ನೀರು ಕಾಯಿಸಿ, ಬ್ರಷ್ ಹಿಡ್ಕೊಂಡು? ನಿಮ್ಮ ಹೆಂಡತಿ ಇದ್ದಾಗ ಒಂದು ತಟ್ಟೆ ತೊಳೀಲಿಲ್ಲ ನೀವು!"

ಅವರು ಮಾತಾಡುತ್ತಲೇ ಕೊನೆಯ ಗೋಡೆಯವರೆಗೆ ಹೋಗಿ ಬ್ಯಾಟರಿ ಮೇಲಕ್ಕೆತ್ತುತ್ತಾರೆ. ಅಲ್ಲಿ, ಹದಿನಾಲ್ಕು ಅಡಿ ಎತ್ತರದಲ್ಲಿ, ಕಂದುಬಣ್ಣದ ಮಣ್ಣಿನ ಗೆರೆ ಗೋಡೆಯುದ್ದಕ್ಕೂ ಎಳೆದ ಹಾಗೆ ಇದೆ. ಆರ್ಮಾನ್ ಅವರಿಗೆ ಮೊಣಕಾಲು ನೋವು. ಆ ಗೋಡೆಗೆ ಏಣಿ ಹತ್ತಲು ಅವರಿಂದ ಆಗಿಲ್ಲ.

ಪಟ್ಟಿ ಇಳಿಯುತ್ತದೆ. ಹದಿನಾಲ್ಕು ಇದ್ದದ್ದು ಐದಾಗಿದೆ.

"ಮಾರಿದೆ," ಎನ್ನುತ್ತಾರೆ ಆರ್ಮಾನ್.

"ಯಾರಿಗೆ?"

"ಕೊಳ್ಳೋರಿಗೆ."

"ಜನವರೀಲಿ ಒಂಬತ್ತು ದಿನ ಹೆದ್ದಾರಿ ಮುಚ್ಚಿತ್ತು. ಹೆಗಲ ಮೇಲೆ ಹೊತ್ಕೊಂಡು ಹೋದ್ರಾ?" ಜೆರ್ಮೇನ್ ಪಟ್ಟಿ ಸುತ್ತಿಕೊಳ್ಳುತ್ತಾರೆ. "ರೇನಲ್ ಹೇಳ್ತಿದ್ದ. ನಿಮ್ಮ ಜೌಗಿನ ದಾರೀಲಿ ಅವನಿಗೆ ಈ ವರ್ಷ ಕೆಲಸವೇ ಇಲ್ಲವಂತೆ. ಯಾರೋ ದಿನಾ ನಸುಕಲ್ಲಿ ಎರಡೆರಡು ಲಾರಿ ಓಡಿಸಿ ಹಿಮ ತುಳಿದು ಸಿಮೆಂಟ್ ಮಾಡಿಟ್ಟಿದಾರಂತೆ."

ಆರ್ಮಾನ್ ಒಂದು ಪೀಪಾಯಿ ಮಗುಚಿ ಹಾಕಿ ಅದರ ಮೇಲೆ ಕೂರುತ್ತಾರೆ. ಕೈಗವಸು ಕಳಚಿ ತೊಡೆಯ ಮೇಲಿಡುತ್ತಾರೆ. "ನೀನು ಏನು ಬೇಕಾದ್ರೂ ಅಳೆದ್ಕೋ. ನಾನು ಸಹಿ ಹಾಕಲ್ಲ."

"ಯಾಕೆ?"

"ಯಾಕೇಂದ್ರೆ ನಂಗೆ ಬೇಡ. ಜಮೀನು ನಂದು, ಇನ್ನೆಷ್ಟು ದಿನ ಇರ್ತೀನಿ ನಾನು? ಆ ಮಾನಾನ್ ಹುಡುಗಿಗ್ ಸಿಗ್ಲಿ. ನನ್ನ ಪಾಲೂ ಅವಳಿಗೇ ಹೋಗ್ಲಿ." ನಮ್ಮಿಬ್ಬರನ್ನೂ ನೋಡದೆ ಮುಂದುವರಿಸುತ್ತಾರೆ. "ಸೆಪ್ಟೆಂಬರ್ ಕೊನೇಲಿ ಅವಳು ಬಂದು ಕೇಳಿದ್ಲು. ಕೆಸರಲ್ಲೇ ಅಗೆದುಬಿಡ್ಲಾ ಅಂತ. ಒಂದು ವಾರ ತಡಿಯಮ್ಮ, ನೆಲ ಒಣಗ್ಲಿ, ನಾನೂ ತಡೀತೀನಿ ಅಂದೆ. ಐವತ್ತೈದು ವರ್ಷ ಬೇಸಾಯ ಮಾಡಿದೋನ ಮಾತು ಅಂತ ನಂಬಿ ತಡೆದ್ಲು. ಆ ವಾರವೇ ಹೆಪ್ಪುಗಟ್ಟಿತು. ನನ್ನ ಮುಖ ಎಲ್ಲಿಡ್ಲಿ ಹೇಳು?"

ಜೆರ್ಮೇನ್ ಮೃದುವಾಗಿ ಏನೋ ಹೇಳುತ್ತಾರೆ ಅಂತ ನಾನು ಕಾದೆ. ಅವರ ಸ್ವಭಾವ ನನಗಿನ್ನೂ ಗೊತ್ತಿರಲಿಲ್ಲ.

"ಇದು ಬೀನ್ಸ್ ಊಟ ಅಲ್ಲ, ಆರ್ಮಾನ್!" ಆ ಧ್ವನಿಗೆ ಮಾಡಿನಲ್ಲಿದ್ದ ಪಾರಿವಾಳಗಳು ಪಟಪಟ ಹಾರುತ್ತವೆ. "ನೀವು ಬಿಟ್ಟಿದ್ದು ಅವಳ ತಟ್ಟೆಗೆ ಹೋಗಲ್ಲ! ಮೂವತ್ತು ಆಗಲಿಲ್ಲ ಅಂದ್ರೆ ಹಂಡೇನೇ ಒಲೆಯಿಂದ ಇಳಿಸಿ ಚೆಲ್ಲಿಬಿಡ್ತಾರೆ. ಇಪ್ಪತ್ತೊಂಬತ್ತು ಪಾಯಿಂಟ್ ಎರಡಲ್ಲಿ ನಿಂತಿದೀವಿ. ನೀವು ಸಹಿ ಹಾಕದಿದ್ರೆ ಮಾನಾನ್‌ಗೆ ಎಷ್ಟು ಸಿಗುತ್ತೆ ಗೊತ್ತಾ? ಸೊನ್ನೆ. ಸೊನ್ನೆ ತಗೊಂಡು ಕಾರ್ಖಾನೆಗೆ ಹೋಗ್ತಾಳೆ."

"ಹಾಗಂತ ಯಾರೂ ಹೇಳಲೇ ಇಲ್ಲವಲ್ಲ!"

"ಕಾಗದ ಕಳಿಸಿದ್ವಿ. ನಾಲ್ಕು ಪುಟ."

"ಅದಾ?" ಆರ್ಮಾನ್ ಗಲಿಬಿಲಿಯಾಗುತ್ತಾರೆ. "ಅದರಲ್ಲಿ ಒಲೆ ಹೊತ್ತಿಸಿದೆ."

"ಎಲ್ಲರೂ ಅದನ್ನೇ ಮಾಡಿದಾರೆ, ಬಿಡಿ." ಜೆರ್ಮೇನ್ ಈಗ ಅವರೆದುರು ಕುಕ್ಕರಗಾಲಲ್ಲಿ ಕೂರುತ್ತಾರೆ. "ಸೆಪ್ಟೆಂಬರ್‌ದು ನಿಮ್ಮ ತಪ್ಪಲ್ಲ. ಆಕಾಶದಲ್ಲಿ ಏನು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಇವತ್ತು ಸಹಿ ಹಾಕ್ದೇ ಇದ್ರೆ ಅದು ಮಾತ್ರ ನಿಮ್ಮ ತಪ್ಪು. ಅದನ್ನ ನಾನು ಎಲ್ಲರಿಗೂ ಹೇಳ್ಕೊಂಡು ಬರ್ತೀನಿ, ನನ್ನ ಬಾಯಿ ನಿಮಗೆ ಗೊತ್ತಲ್ಲ."

ಆರ್ಮಾನ್ ಎದ್ದು ನಿಲ್ಲಲು ಎರಡು ಸಲ ಪ್ರಯತ್ನಿಸುತ್ತಾರೆ. ಮೂರನೇ ಸಲಕ್ಕೆ ಜೆರ್ಮೇನ್ ಕೈ ಕೊಡುತ್ತಾರೆ. "ಬಾ, ತೋರಿಸ್ತೀನಿ," ಎನ್ನುತ್ತಾರೆ ಹಿರಿಯರು.

ಜೌಗಿನಲ್ಲಿ ದೇವದಾರು ಮರಗಳ ನಡುವೆ, ಹಿಮದ ಕೆಳಗೆ ಅದು ಉದ್ದಕ್ಕೆ ಮಲಗಿದೆ. ಸಲಾಕೆ ಚುಚ್ಚಿದರೆ ಠಣ್ ಅನ್ನುತ್ತದೆ, ಗೆಡ್ಡೆಗಳೆಲ್ಲ ಕಲ್ಲಾಗಿವೆ. ಜೆರ್ಮೇನ್ ಪಟ್ಟಿಯ ಒಂದು ತುದಿಯನ್ನು ಆರ್ಮಾನ್ ಕೈಗೆ ಕೊಟ್ಟು, ಸೊಂಟದವರೆಗಿನ ಹಿಮದಲ್ಲಿ ಈಜುವವರಂತೆ ಮುಂದೆ ಹೋಗುತ್ತಾರೆ. ಐವತ್ತು ಅಡಿಗೊಂದು ಕೋಲು ನೆಟ್ಟು ನಾಲ್ಕು ಸಲ ಹಿಡಿದು, ಮೇಲೆ ಹತ್ತು.

"ಉದ್ದ ಇನ್ನೂರ ಹತ್ತು!" ಅಂತ ಆ ತುದಿಯಿಂದ ಕೂಗುತ್ತಾರೆ.

"ಇನ್ನೂರ ಹತ್ತು!" ಅಂತ ಆರ್ಮಾನ್ ಈ ತುದಿಯಿಂದ ಅವರಿಗಿಂತ ಜೋರಾಗಿ ಕೂಗುತ್ತಾರೆ. ಎರಡು ತಿಂಗಳು ಕದ್ದುಮುಚ್ಚಿ ಸುರಿದದ್ದನ್ನು ಅವರು ಇಡೀ ಕಾಡಿಗೆ ಕೇಳುವ ಹಾಗೆ ಕೂಗುತ್ತಿದ್ದಾರೆ. ಅಗಲ ನಲವತ್ತೈದು. ಎತ್ತರ ಸರಾಸರಿ ಐದು. ಗೋಡೆಯ ಗೆರೆಗೂ ಈ ರಾಶಿಗೂ ತಾಳೆ ಹಾಕಿದರೆ ಹನ್ನೊಂದು ಸಾವಿರದ ಆರುನೂರು ಪೀಪಾಯಿ.

ಸಹಿ ಹಾಕಲು ಹೋದರೆ ಪೆನ್ನಿನ ಶಾಯಿ ಹೆಪ್ಪುಗಟ್ಟಿದೆ. ಜೆರ್ಮೇನ್ ಅದನ್ನು ಕಂಕುಳಲ್ಲಿಟ್ಟುಕೊಂಡು ಜೀಪಿನ ಸುತ್ತ ಎರಡು ಸುತ್ತು ನಡೆದು, ಬೆಚ್ಚಗಾದ ಮೇಲೆ ಕೊಡುತ್ತಾರೆ. ಆರ್ಮಾನ್ ಬಾನೆಟ್ಟಿನ ಮೇಲೆ ಕಾಗದವಿಟ್ಟು, ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಬರೆಯುತ್ತಾರೆ.

ಆಗಲೇ ಮಧ್ಯಾಹ್ನ ಒಂದೂವರೆ, ಕಚೇರಿ ಅರವತ್ತು ಮೈಲಿ. ದಾರಿಯಲ್ಲಿ ನಾನು ಪತ್ರಿಕೆಯವರ ಹಳೇ ಪ್ರಶ್ನೆ ಕೇಳಿದೆ: ನಿಮ್ಮ ಆಸೆಯೇನು? ಜೆರ್ಮೇನ್ ಬಿದ್ದು ಬಿದ್ದು ನಕ್ಕರು. "ಆಸೆನಾ? ಆ ಬೀನ್ಸ್ ಊಟದಲ್ಲಿ ಹಂಡೆ ತಳ ಕಾಣೋದನ್ನ ಸಾಯೋದ್ರೊಳಗೆ ಒಂದ್ಸಲ ನೋಡ್ಬೇಕು ಕಣೋ. ಹುಟ್ಟಿದಾಗಿಂದ ನೋಡಿಲ್ಲ."

ನಾವು ತಲುಪಿದಾಗ ಮೂರು ಇಪ್ಪತ್ತು. ಕಚೇರಿಯ ಬೆಂಚಿನ ಮೇಲೆ ಮಾನಾನ್ ಕೂತಿದ್ದಾಳೆ, ಬೆಳಗ್ಗೆ ಹತ್ತರಿಂದ ಅಲ್ಲೇ ಇದ್ದಾಳಂತೆ. ಗುಮಾಸ್ತರು ಅಂಕಿ ಒತ್ತುತ್ತಾರೆ. ಒಮ್ಮೆ ಅಳಿಸಿ ಮತ್ತೆ ಒತ್ತುತ್ತಾರೆ. ಜೆರ್ಮೇನ್ ಗುಮಾಸ್ತರ ಭುಜದ ಮೇಲಿಂದ ಇಣುಕುತ್ತಾರೆ, ಗುಮಾಸ್ತರು ಮರ್ಯಾದೆಗೆ ಮೂಗು ಮುಚ್ಚದೆ ಉಸಿರು ಹಿಡಿದುಕೊಂಡಿದ್ದಾರೆ.

"ಮೂವತ್ತು ಪಾಯಿಂಟ್ ನಾಲ್ಕು," ಎನ್ನುತ್ತಾರೆ ಕೊನೆಗೆ.

"ನಿಜಾನಾ ಮತಾಂತ್?" ಮಾನಾನ್ ಎದ್ದು ನಿಂತಿದ್ದಾಳೆ. ಮತಾಂತ್ ಅಂದರೆ ಚಿಕ್ಕಮ್ಮ, ಕೌಂಟಿಯ ಚಿಕ್ಕವರಿಗೆಲ್ಲ ಜೆರ್ಮೇನ್ ಹಾಗೇ.

"ಅಳತೆ ನಂದು ಕಣೇ, ಸುಳ್ಳಾಗುತ್ತಾ? ಹೋಗು, ಬಿತ್ತನೆ ಗೆಡ್ಡೆಗೆ ಹೇಳು. ಅದಕ್ಕೆ ಮೊದ್ಲು ಹೊರಗೆ ನೋಡು, ಯಾರೋ ನಿಂತಿದಾರೆ."

ಆರ್ಮಾನ್ ತಮ್ಮ ಗಾಡಿಯಲ್ಲಿ ನಮ್ಮ ಹಿಂದೆಯೇ ಅರವತ್ತು ಮೈಲಿ ಬಂದು, ಒಳಗೆ ಬರಲಾರದೆ ಮೆಟ್ಟಿಲ ಕೆಳಗೆ ನಿಂತಿದ್ದರು. ಮಾನಾನ್ ಕೋಟು ಹಾಕಿಕೊಳ್ಳದೆ ಓಡಿದಳು. ಗಾಜಿನ ಆಚೆ ಏನು ಮಾತಾಡಿದರೋ ನಮಗೆ ಕೇಳಲಿಲ್ಲ. ಆರ್ಮಾನ್ ಆ ಚಳಿಯಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಅವಳು ಅದನ್ನು ಕಿತ್ತುಕೊಂಡು ಅವರ ತಲೆಗೆ ಮತ್ತೆ ಹಾಕಿ, ಕಿವಿ ಮುಚ್ಚುವ ಹಾಗೆ ಎಳೆದಳು.

ಮರುದಿನ ಶನಿವಾರ, ಬೀನ್ಸ್ ಊಟ. ಎಂದಿನಂತೆ ಸಾಲಿನ ಮೊದಲಲ್ಲಿ ಆರ್ಮಾನ್. ಸೌಟೆತ್ತಿ ತಟ್ಟೆಗೆ ಒಂದು ಹಾಕಿಕೊಂಡರು. ಆಮೇಲೆ ಎರಡು. ಸಾಲಿನಲ್ಲಿದ್ದವರು ಕತ್ತು ಉದ್ದ ಮಾಡಿದರು. ಮೂರು, ನಾಲ್ಕು. "ಏನು ನೋಡ್ತೀರ? ಹಸಿವಾಗಿದೆ!" ಅಂತ ಗದರಿ ಹೋಗಿ ಕೂತರು. ಹಿಂದಿದ್ದ ಮಾನಾನ್ ಮೂರು ಹಾಕಿಕೊಂಡಳು. ಅವಳ ಹಿಂದಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎರಡೆರಡು, ಮೂರುಮೂರು. ನಾನೂ ಮೂರು ತಿಂದೆ, ಸುಳ್ಳೇಕೆ ಹೇಳಲಿ.

ಜೆರ್ಮೇನ್ ಬಂದಾಗ ಏಳು ಗಂಟೆ. ಅರ್ಜಿಗಳ ಪ್ರತಿ ಜೋಡಿಸುತ್ತಾ ಶನಿವಾರವೂ ಕಚೇರಿಯಲ್ಲೇ ಇದ್ದರಂತೆ. ರಬ್ಬರ್ ಬೂಟನ್ನು ಹೊರಗೆ ಬಿಟ್ಟು ಬರಿಯ ಕಾಲುಚೀಲದಲ್ಲಿ ಒಳಗೆ ಬಂದರು.

"ಮುಗೀತು ಮತಾಂತ್," ಅಂದಳು ಬಡಿಸುವ ಹೆಂಗಸು, ಅಳುವ ಹಾಗಿದ್ದಳು. "ನಿಮಗೆ ಅಂತ ಒಂದು ಕಾಳೂ ಉಳಿದಿಲ್ಲ."

ಜೆರ್ಮೇನ್ ಮೊದಲ ಹಂಡೆಯ ಹತ್ತಿರ ಹೋಗಿ ಬಗ್ಗಿ ತಳ ನೋಡಿದರು. ಎರಡನೆಯದನ್ನು ನೋಡಿದರು. ಆರನೆಯದರ ತನಕ ಹಾಗೇ ಹೋದರು. ಕೊನೆಯದರಲ್ಲಿ ಒಂದು ಪ್ಲೋಯ್ ಹಾಕಿ ತಳ ಒರೆಸಿ, ಅಂಟಿದ್ದ ಕಾಕಂಬಿಯ ಸಮೇತ ಬಾಯಿಗಿಟ್ಟುಕೊಂಡು, ಅಗಿಯುತ್ತಲೇ ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ಬರ್ಕೋ, ಪೇಪರ್‌ನೋನೇ. ಹಂಡೆ ಆರು. ಉಳಿದದ್ದು ಸೊನ್ನೆ. ಅಳತೆ ಜೆರ್ಮೇನ್ ಸೂಸಿದು."